ಹಿಂದೆ ಗುಂಡಿ ಇರುವ ಐರನ್ನುಗಳು

ಇದನ್ನು ನೀವು ನಂಬುವುದಿಲ್ಲ. ನಂಬದಿದ್ದರೂ ಪರವಾಗಿಲ್ಲ, ನನಗೆ ಅಭ್ಯಾಸವಾಗಿದೆ. ನ್ಯಾಮತಿಯಿಂದ ಗೋವಿನಕೋವಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆಯ ಹಿಂದಿನ ಶೆಡ್ಡಿನಲ್ಲಿ, ಔಷಧಿ ಹೊಡೆಯುವ ಪಂಪಿಗೂ ಅಡಿಕೆ ಕೊಯ್ಯುವ ಉದ್ದನೆಯ ದೋಟಿಗೂ ನಡುವೆ ಒಂದು ಗಾಲ್ಫ್ ಬ್ಯಾಗು ನಿಂತಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲೂಕು ಜಾಲಾಡಿದರೂ ಇಂಥದ್ದು ಇನ್ನೊಂದು ಸಿಗುವುದಿಲ್ಲ. ಜಾಲಾಡಿ ನೋಡಿ ಹೇಳುತ್ತಿಲ್ಲ. ಅಷ್ಟು ಶಕ್ತಿ ಈಗ ಉಳಿದಿಲ್ಲ.

ನನಗೆ ಹದಿನೇಳು ವರ್ಷ. ಬೆನ್ನಿಗೆ ಎಪ್ಪತ್ತು, ಅಂಗೈಗೆ ನೂರಾ ಹತ್ತು.

ಎಲ್ಲ ಶುರುವಾದದ್ದು ಸೂಳೆಕೆರೆ ಪಕ್ಕದ ಒಂದು ಊರಿನಲ್ಲಿ, ನೆಂಟರ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ತುಪ್ಪಕ್ಕೆ ಕಾಯುವಾಗ ಜನರಿಗೆ ಬೇರೆಯವರ ಮಕ್ಕಳ ಭವಿಷ್ಯ ನೆನಪಾಗುತ್ತದೆ. ಎದುರಿಗೆ ಕೂತಿದ್ದ ದೊಡ್ಡಪ್ಪ ಕೇಳಿಯೇಬಿಟ್ಟರು.

"ಏನಪ್ಪ, ಪಿಯುಸಿ ಮುಗೀತಲ್ಲ. ಮುಂದೇನು ಮಾಡಾಕೆ ಹೊಂಟೀಯ?"

ಪಿಯುಸಿ ಮುಗಿದದ್ದು ನಿಜ. ಅದು ನನ್ನನ್ನು ಮುಗಿಸಿತೋ ನಾನು ಅದನ್ನು ಮುಗಿಸಿದೆನೋ ಎಂಬುದನ್ನು ಅಂಕಪಟ್ಟಿ ನೋಡಿ ಹೇಳುವುದು ಕಷ್ಟ. ಹಾಗಾಗಿ ಯಾವುದಾದರೂ ಆಟದ ಹೆಸರು ಹೇಳುವುದು ಕ್ಷೇಮ ಅನಿಸಿತು. ಕ್ರಿಕೆಟ್ ಅಂದಿದ್ದರೆ ಯಾರೋ ಅಂಗಳದಲ್ಲೇ ಚೆಂಡು ಎಸೆದು ನೋಡುತ್ತಿದ್ದರು. ಕಬಡ್ಡಿ ಅಂದಿದ್ದರೆ ದೊಡ್ಡಪ್ಪನೇ ಪಂಚೆ ಎತ್ತಿ ಕಟ್ಟುತ್ತಿದ್ದರು. ಈ ಸುತ್ತಮುತ್ತ ಯಾರೂ ಪರೀಕ್ಷೆ ಮಾಡಲಾಗದ ಆಟ ಒಂದು ಬೇಕಿತ್ತು.

"ಗಾಲ್ಫ್ ಆಡ್ತೀನಿ ದೊಡ್ಡಪ್ಪ. ಅದರಾಗೇ ಮುಂದೆ ಹೋಗಾಣ ಅಂತ."

ಇಡೀ ಪಂಕ್ತಿ, ಇನ್ನೂರು ಜನ, ಸುಮ್ಮನಾದರು. ಸರಿ, ನಮ್ಮ ಸಾಲಿನ ಆರು ಜನ. ಆದರೆ ತುಪ್ಪ ಬಡಿಸುವವನೂ ನಿಂತುಬಿಟ್ಟ, ಅದು ಸುಳ್ಳಲ್ಲ. ನಾನು ಎರಡು ವಿಷಯ ಮರೆತಿದ್ದೆ. ಮೊದಲನೆಯದು, ನನ್ನಿಂದ ಮೂರನೇ ಎಲೆಯಲ್ಲಿ ಕೂತಿದ್ದ ನನ್ನ ಮಾವ.

ಮಾವ ಅಂದರೆ ಅವ್ವನ ತಮ್ಮ. ದೊಡ್ಡ ಊರೊಂದರ ಗಾಲ್ಫ್ ಮೈದಾನದಲ್ಲಿ ಮೊದಲು ಹುಲ್ಲು ಕತ್ತರಿಸುತ್ತಿದ್ದರು, ಆಮೇಲೆ ಆಡುವವರ ಬ್ಯಾಗು ಹೊತ್ತು ಅವರ ಹಿಂದೆ ನಡೆಯುತ್ತಿದ್ದರು. ನನ್ನ ವಯಸ್ಸಿಗಿಂತ ಹೆಚ್ಚು ವರ್ಷ ನಡೆದು ನಡೆದು ಮೊಣಕಾಲು ಹೋಯಿತು. ಹೋದ ವರ್ಷ ನಮ್ಮ ಮನೆಗೆ ಬಂದು ಸೇರಿದರು. ಅಲ್ಲಿ ಏನು ಮಾಡುತ್ತಿದ್ದರೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವಾಚ್‌ಮನ್ ಇರಬೇಕು ಅಂದುಕೊಂಡಿದ್ದೆವು.

"ಅಳಿಯ," ಅಂದರು ಮಾವ. ಹೋಳಿಗೆ ಹಿಡಿದ ಕೈ ಅಲ್ಲೇ ನಿಂತಿತ್ತು. "ನೀನು ಗಾಲ್ಫ್ ಆಡ್ತೀಯಾ?"

ತಲೆ ಆಡಿಸಿದೆ. ಅವರು ಆಮೇಲೆ ಎರಡನೇ ಹೋಳಿಗೆ ಹಾಕಿಸಿಕೊಳ್ಳಲಿಲ್ಲ. ಮಾವ ಹೋಳಿಗೆ ಬೇಡ ಅಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರೆತ ಎರಡನೆಯ ವಿಷಯ, ಅಪ್ಪಾಜಿ. ನಾನು ಏನು ಹೇಳಿದರೂ ಅರ್ಧಕ್ಕೆ ಇಳಿಸಿ, ಉಳಿದ ಅರ್ಧವನ್ನೂ ಕೇರಿ ನೋಡಿ ಒಪ್ಪಿಕೊಳ್ಳುವ ಮನುಷ್ಯ. ಅವತ್ತು ಮಾತ್ರ ಬೈಕಿನಲ್ಲಿ ವಾಪಸ್ ಬರುವಾಗ ಅರ್ಧಕ್ಕೆ ಇಳಿಸಲಿಲ್ಲ. ಹೊನ್ನಾಳಿ ಸೇತುವೆ ದಾಟಿದ ಮೇಲೆ ಗಾಳಿಗೆ ಹೇಳುವ ಹಾಗೆ ಮುಂದೆ ನೋಡಿಕೊಂಡೇ ಹೇಳಿದರು.

"ಆಯುಧ ಪೂಜೆ ದಿನ ಬೆಳಿಗ್ಗೆ, ಪೂಜೆಗೆ ಮುಂಚೆ, ಕಣದಾಗೆ ನಿಂತು ನೀರಿನ ಚಾನಲ್ ಪಕ್ಕದ ಬೇವಿನ ಮರದ ಕಡೆ ಹೊಡಿ. ಮೂರು ಚೆಂಡು. ಒಂದು ಮರ ದಾಟಿದ್ರೆ ಸಾಕು. ನಿಮ್ಮ ಮಾವ ಇದ್ದ ಊರಿಗೆ ಒಂದು ವರ್ಷ ಕಳಿಸ್ತೀನಿ, ಸರಿಯಾಗಿ ಕಲಿ."

"ದಾಟಲಿಲ್ಲ ಅಂದ್ರೆ?"

"ಅಡಿಕೆ ಸುಲಿಯೋ ಮಷಿನ್ ಮುಂದೆ ಕೂತ್ಕ. ಸೀಜನ್ ಮುಗಿಯೋ ತಂಕ."

ಸುಲಿಯುವ ಮಷಿನ್ ಮುಂದೆ ಕೂತವರನ್ನು ನಾನು ನೋಡಿದ್ದೇನೆ. ಆ ಗದ್ದಲಕ್ಕೆ ಕಿವಿ ಹೋಗಿ, ಮನೆಗೆ ಬಂದ ಮೇಲೂ ಉಪ್ಪು ಕೊಡು ಅಂತ ಊರಿಗೇ ಕೇಳುವಂತೆ ಕೂಗುತ್ತಾರೆ. ಹಸಿ ಅಡಿಕೆಯ ಚೊಗರು ಅಂಗೈಗೆ ಹತ್ತಿದರೆ ಹೋಗುವುದು ಯುಗಾದಿಗೆ. ಅದಕ್ಕಿಂತ ಗಾಲ್ಫೇ ಸುಲಭ ಅನಿಸಿತು. ಅಲ್ಲಿಯವರೆಗೆ ನಾನು ಗಾಲ್ಫ್ ಕೋಲನ್ನು ಮುಟ್ಟಿಯೂ ನೋಡಿರಲಿಲ್ಲ.

ಸುಳ್ಳು ಹೇಳುವುದಕ್ಕೆ ಏನೂ ಆಯಾಸವಿಲ್ಲ. ಮರುದಿನ ಬೆಳಿಗ್ಗೆ ಎದ್ದು ಅದಕ್ಕೆ ಮೇವು ಹಾಕಬೇಕಲ್ಲ, ಆಗ ಸುಸ್ತಾಗುತ್ತದೆ.

ಜಗಳೂರಿನ ಹತ್ತಿರ ಗಾಳಿಗಿರಣಿಗಳ ಕೆಲಸದಲ್ಲಿದ್ದ ಒಬ್ಬ ಸಾಹೇಬರು ಮಾವನಿಗೆ ಹಳೆಯ ಮೈದಾನದ ಪರಿಚಯ. ಅವರಿಗೆ ದೂರಕ್ಕೆ ವರ್ಗವಾಗಿತ್ತು, ಎರಡು ಸೆಟ್ ಐರನ್ನುಗಳಲ್ಲಿ ಒಂದನ್ನು ಕೊಡುತ್ತೇನೆ ಬನ್ನಿ ಅಂದಿದ್ದರು. ಲೋಹದ ತಲೆಯಿರುವ ಕೋಲಿಗೆ ಗಾಲ್ಫಿನವರು ಐರನ್ ಅನ್ನುತ್ತಾರೆ. ಬದಲಿಗೆ ಸಾಹೇಬರು ಕೇಳಿದ್ದು ಅವರ ಅತ್ತೆಗೆ ಎರಡು ಸೇರು ಒಳ್ಳೆಯ ರಾಶಿ ಅಡಿಕೆ. ಅಡಿಕೆ ಚೀಲ ತೊಡೆಯ ಮೇಲಿಟ್ಟುಕೊಂಡು ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು. ಮೂರು ಬಸ್ಸು. ಮೂರನೇ ಬಸ್ಸಿನಲ್ಲಿ ಮಾವನ ಮೊಣಕಾಲು ಮಡಚಲು ಬರಲಿಲ್ಲ. ದಾರಿಗೆ ಅಡ್ಡ ಚಾಚಿಕೊಂಡು ಕೂತರು, ಹತ್ತಿ ಇಳಿಯುವವರೆಲ್ಲ ಅದನ್ನು ಹೊಸ್ತಿಲು ದಾಟುವಂತೆ ದಾಟಿದರು.

ಸಾಹೇಬರ ಕಾಂಪೌಂಡಿನಲ್ಲಿ ಎರಡೂ ಸೆಟ್ ಗೋಡೆಗೆ ಒರಗಿ ನಿಂತಿದ್ದವು. ಒಂದು ಸೆಟ್ ತೆಳ್ಳಗೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಲೆ ಚಿಕ್ಕದು, ಅಂಚು ಚೂರಿಯಂತೆ. ಇನ್ನೊಂದರ ತಲೆ ದಪ್ಪ, ಅಡಿ ಅಗಲ, ಬೆನ್ನಿನಲ್ಲಿ ಯಾರೋ ಚಮಚದಿಂದ ಕೆರೆದು ತೆಗೆದ ಹಾಗೆ ಒಂದೊಂದು ಗುಂಡಿ. ನೋಡಲು ಎಮ್ಮೆಯ ಗೊರಸಿನಂತಿತ್ತು. ನಾನು ಹೊಳೆಯುವುದನ್ನು ಎತ್ತಿಕೊಂಡು, ಹೆಗಲ ಮೇಲಿಟ್ಟು, ದೂರಕ್ಕೆ ಕಣ್ಣು ಕಿರಿದು ಮಾಡಿ ನಿಂತೆ.

"ಫೋಟೋ ತೆಗೆದಾತಾ?" ಅಂದರು ಮಾವ. "ಈಗ ಕೆಳಗಿಡು. ಅದು ತಿಳಿದೋರ ಐರನ್ನು. ನಟ್ಟನಡುವೆ ಹೊಡೆದ್ರೆ ಬೆಣ್ಣೆ. ಒಂದು ಬೆರಳು ಆಚೆ ಈಚೆ ಆತೋ, ಮುಗೀತು. ನೀನು ತಿಳಿದೋನಾ?"

"ಸ್ವಲ್ಪ."

ಮಾವ ಜೇಬಿನಿಂದ ವಿಭೂತಿ ಗಟ್ಟಿ ತೆಗೆದರು. ನಮ್ಮ ಮನೆಯ ಗಂಡಸರ ಜೇಬಿನಲ್ಲಿ ಫೋನು ಇಲ್ಲದಿದ್ದರೂ ಅದು ಇರುತ್ತದೆ. ತೆಳ್ಳನೆಯ ಐರನ್ನಿನ ಮುಖಕ್ಕೆ ಬೆಳ್ಳಗೆ ತಿಕ್ಕಿ, ಮಣ್ಣಿನ ಮೇಲೆ ಒಂದು ಚೆಂಡಿಟ್ಟು, ಹೊಡಿ ಅಂದರು. ಹೊಡೆದೆ. ಮೊಣಕೈಯಿಂದ ಹಲ್ಲಿನವರೆಗೆ ಜುಮ್ ಅಂದಿತು. ಚೆಂಡು ನಾನು ನೋಡಿದ ಕಡೆ ಹೋಗದೆ ಬಲಕ್ಕೆ ತಿರುಗಿ, ಸಾಹೇಬರ ನೀರಿನ ಟ್ಯಾಂಕಿಗೆ ಬಡಿದು, ಅವರ ಅತ್ತೆಯನ್ನು ಹೊರಗೆ ಕರೆಸಿತು. ವಿಭೂತಿಯಲ್ಲಿ ಚೆಂಡಿನ ಗುರುತು ಐರನ್ನಿನ ತುತ್ತತುದಿಯಲ್ಲಿ ಮೂಡಿತ್ತು.

"ಈಗ ಗೊರಸು ಹಿಡಿ. ಏಳನೇ ನಂಬರ್."

ಅದಕ್ಕೂ ವಿಭೂತಿ ತಿಕ್ಕಿದರು. ಹೊಡೆದೆ. ಗುರುತು ಮತ್ತೆ ಅದೇ ತುದಿಯಲ್ಲೇ, ಹೊಡೆತವೂ ಅಷ್ಟೇ ಕೆಟ್ಟದು. ಆದರೆ ಕೈ ಉರಿಯಲಿಲ್ಲ. ಚೆಂಡು ಸ್ವಲ್ಪ ಗೊಣಗಿಕೊಂಡು ಎದ್ದು, ಹೆಚ್ಚು ಕಡಿಮೆ ನೇರಕ್ಕೇ ಹೋಗಿ ಖಾಲಿ ಸೈಟಿನಲ್ಲಿ ಬಿತ್ತು.

ಮಾವ ಐರನ್ನನ್ನು ತಿರುಗಿಸಿ ಹಿಂದಿನ ಗುಂಡಿಯಲ್ಲಿ ಹೆಬ್ಬೆರಳು ಇಟ್ಟರು. "ಇಲ್ಲಿಂದ ತೂಕ ತೆಗೆದು ಸುತ್ತ ಅಂಚಿಗೆ ಹಾಕ್ಯಾರೆ. ಅದಕ್ಕೇ ತುದೀಲಿ ಬಡಿದ್ರೂ ತಲೆ ತಿರುಗಲ್ಲ. ಅಡಿ ಅಗಲ ಐತಲ್ಲ, ನೆಲಕ್ಕೆ ತಾಗಿದ್ರೂ ಹೂತ್ಕಳಲ್ಲ, ಜಾರ್ಕಂಡು ಮುಂದೆ ಹೋಗ್ತೈತೆ. ಹೊಸಬರ ತಪ್ಪನ್ನೆಲ್ಲ ಹೊಟ್ಟೆಗೆ ಹಾಕ್ಕಂತೈತೆ ಇದು."

"ನಾನು ಕಲ್ತ ಮೇಲೆ?"

"ಕಲ್ತ ಮೇಲೆ ಇದಕ್ಕಿಂತ ಒಂದು ಚೂರು ತೆಳ್ಳಗಿರೋದು. ಆಗ್ಲೂ ಹಿಂದೆ ಗುಂಡಿ ಇರ್ಲೇಬೇಕು. ಇಪ್ಪತ್ತು ವರ್ಷ ಆಡಿದ ಸಾಹೇಬ್ರುಗಳೇ ಗುಂಡಿ ಇಲ್ಲದ್ದು ತಂದು, ಹೊಡೆದು, ನನಗೆ ಬೈಯೋರು. ನಾನೇನು ಮಾಡ್ಲಿ, ಬ್ಯಾಗು ಹೊರೋನು."

ಐದರಿಂದ ಒಂಬತ್ತರವರೆಗೆ ಐದು, ಅದರ ಜೊತೆಗೆ ಗಿಡ್ಡ ಕೋಲು ಇನ್ನೊಂದು, ಒಟ್ಟು ಆರು ಆರಿಸಿದರು. ಮೂರು ನಾಲ್ಕನೇ ನಂಬರಿನ ಉದ್ದ ಕೋಲುಗಳನ್ನು ಸಾಹೇಬರು ಕೊಡುತ್ತೇನೆಂದರೂ ಬೇಡ ಅಂದರು. ಅವುಗಳ ಮುಖ ಗೋಡೆಯ ಹಾಗೆ ನೆಟ್ಟಗೆ, ಹೊಸಬರ ಕೈಯಲ್ಲಿ ಚೆಂಡು ಏಳುವುದೇ ಇಲ್ಲವಂತೆ. ಪ್ರತಿ ಕೋಲನ್ನೂ ನನ್ನ ಪಕ್ಕ ನಿಲ್ಲಿಸಿ ಉದ್ದ ನೋಡಿದರು, ಬಾಗಿಸಿ ನೋಡಿದರು. ನಿನ್ನ ತೋಳಿಗೆ ಹಗುರದ್ದೇ ಸರಿ, ಗಟ್ಟಿ ಕೋಲು ಬಾಗಾಕೆ ತೋಳಿನಾಗೆ ಏನಾದ್ರೂ ಇರಬೇಕು ಅಂದರು. ಅವರು ಹಾಗೆ ಬಗ್ಗಿ, ಎದ್ದು, ಮೊಣಕಾಲು ಹಿಡಿದುಕೊಂಡು, ಮತ್ತೆ ಬಗ್ಗಿ ಆರಿಸುತ್ತಿದ್ದರು, ನಾನು ಸಾಹೇಬರು ಕೊಟ್ಟ ಬ್ಯಾಗಿನ ಬಾಯಿ ಹಿಡಿದು ನಿಂತಿದ್ದೆ. ಅಷ್ಟು ವರ್ಷ ಬೇರೆಯವರಿಗೆ ಕೋಲು ತೆಗೆದುಕೊಟ್ಟವರು, ಮೊದಲ ಸಲ ಮನೆಯ ಹುಡುಗನಿಗೆ ತೆಗೆಯುತ್ತಿದ್ದರು. ಆಗಲೇ ಹೇಳಬಹುದಿತ್ತು, ಮಾವ, ನಾನು ಆಡಿಯೇ ಇಲ್ಲ ಅಂತ. ಹೇಳಲಿಲ್ಲ. ಗುರುತು ಎಲ್ಲಿ ಮೂಡಿದೆಯೆಂದು ಅವರೂ ನೋಡಿದ್ದರು. ಅವರಿಗೆ ಗೊತ್ತಿತ್ತು ಅಂತ ಈಗ ಅನಿಸುತ್ತದೆ.

ವಾಪಸ್ ಬರುವಾಗ ಕಂಡಕ್ಟರ್ ಬ್ಯಾಗನ್ನು ತಟ್ಟಿ ನೋಡಿದ. "ಏನ್ರಿ ಇದು?"

"ಅಡಿಕೆ ಕೊಯ್ಯಾಕೆ ಹೊಸ ನಮೂನಿ ದೋಟಿ. ಮಡಚೋದು," ಅಂದೆ.

"ಹೆಂಗೆ ಕೊಯ್ತೀರಿ?"

"ಕೆಳಗೆ ನಿಂತು ಚೆಂಡು ಹೊಡೀತೀವಿ, ಗೊನೆ ಬೀಳ್ತೈತೆ."

ಇಡೀ ಬಸ್ಸು ದಾವಣಗೆರೆ ಮುಟ್ಟುವವರೆಗೆ ಅದರ ಬಗ್ಗೆಯೇ ಚರ್ಚೆ ಮಾಡಿತು. ಒಬ್ಬರು ತಮ್ಮ ತೋಟಕ್ಕೂ ಒಂದು ತರಿಸಿಕೊಡಿ ಅಂದರು. ಮಾವ ಕಿಟಕಿಯ ಕಡೆ ಮುಖ ಮಾಡಿಕೊಂಡು ನಿದ್ದೆ ಬಂದವರಂತೆ ಇದ್ದರು.

ಆಮೇಲಿನ ಎರಡು ತಿಂಗಳಲ್ಲಿ ನನಗೆ ಬೆಳಗು ಅನ್ನುವುದು ಎಷ್ಟು ಉದ್ದ ಇರುತ್ತದೆ ಅಂತ ಗೊತ್ತಾಯಿತು. ಮಾವ ಕಣದ ಕಟ್ಟೆಯ ಮೇಲೆ ಕಾಲು ಚಾಚಿ ಕೂರುವುದು, ನಾನು ಏಳನೇ ನಂಬರ್ ಬೀಸುವುದು. ಸಾಹೇಬರು ಕೊಟ್ಟ ಚೆಂಡು ಹನ್ನೊಂದು. ಮೊದಲ ವಾರದಲ್ಲೇ ನಾಲ್ಕು ಚಾನಲ್ಲಿಗೆ ಬಿದ್ದು, ನೀರಿನ ಜೊತೆ ಯಾರ ಗದ್ದೆಗೋ ಹೋದವು. ಉಳಿದವನ್ನು ಕಾಪಾಡಲು ಉದುರಿದ ಹಸಿರು ಅಡಿಕೆ ಹೊಡೆಯುತ್ತಿದ್ದೆ. ಒಂದು ಚೆಂಡು ಪಕ್ಕದ ಮನೆಯ ಅಜ್ಜಿಯ ಅಂಗಳಕ್ಕೆ ಬಿತ್ತು. ಅಜ್ಜಿ ಲಿಂಗ ಕಟ್ಟಿದವರು, ಮೊಟ್ಟೆ ಅನ್ನುವ ಮಾತು ಕೇಳಿದರೂ ಬಾಯಿ ಮುಕ್ಕಳಿಸುವವರು. ಬೇಲಿಯ ಆಚೆ ನಿಂತು ಸೆರಗನ್ನು ಮೂಗಿಗೆ ಹಿಡಿದಿದ್ದರು.

"ಯಾವನೋ ನಮ್ಮ ಅಂಗಳಕ್ಕೆ ಮೊಟ್ಟೆ ಎಸ್ದಾನೆ. ಬಂದು ತೆಗಿರಿ. ನಾನು ಮುಟ್ಟಲ್ಲ."

"ಅಜ್ಜಿ, ಅದು ಚೆಂಡು."

"ಚುಕ್ಕಿ ಚುಕ್ಕಿ ಐತೆ. ಯಾವ ಹಕ್ಕೀದೋ ಏನೋ. ತೆಗ್ದು, ಆ ಜಾಗ ಸಗಣಿ ಹಾಕಿ ಸಾರಿಸಿ ಹೋಗು."

ಸಾರಿಸಿದೆ. ಆ ತಿಂಗಳು ಅಜ್ಜಿಯ ಅಂಗಳವನ್ನು ಮೂವತ್ತು ಸಲ ಸಾರಿಸಿದೆ. ಐದು ಸಲ. ಆದರೆ ದೊಡ್ಡ ಅಂಗಳ.

ಅಂಗೈಯಲ್ಲಿ ಬೊಬ್ಬೆ ಎದ್ದವು, ಒಡೆದವು, ಒಡೆದ ಜಾಗದಲ್ಲಿ ಮತ್ತೆ ಎದ್ದವು. ಮಾವ ಹೇಳುವುದು ಒಂದೇ. "ಬಲ ಹಾಕಬ್ಯಾಡ. ಐರನ್ನಿನ ಕೆಲಸ ಐರನ್ನಿಗೆ ಬಿಡು." ಪ್ರತಿ ಹೊಡೆತಕ್ಕೂ ವಿಭೂತಿ ತಿಕ್ಕಿ ಗುರುತು ನೋಡುತ್ತಿದ್ದರು. ತುದಿಯಲ್ಲಿದ್ದ ಗುರುತು ದಿನಕ್ಕೊಂದು ಜೋಳದ ಕಾಳಿನಷ್ಟು ಒಳಗೆ ಸರಿಯುತ್ತಿತ್ತು. ಅಪ್ಪಾಜಿ ಹಾಲು ಕರೆದು ಹೋಗುವಾಗ ಒಂದು ಗಳಿಗೆ ನಿಂತು ನೋಡುತ್ತಿದ್ದರು. ಒಂದು ದಿನ ಮಾತ್ರ ನನ್ನ ಕೈ ಹಿಡಿದು ಬೊಬ್ಬೆ ನೋಡಿ, "ಅವ್ವನ ಹತ್ರ ಅರಿಶಿನ ಹಚ್ಚಿಸ್ಕ," ಅಂದು ಹೋದರು.

ಹಬ್ಬಕ್ಕೆ ಹತ್ತು ದಿನ ಇದ್ದಾಗ ಒಂದು ಚೆಂಡು ಬೇವಿನ ಮರವನ್ನು ದಾಟಿತು. ದಾಟಿ, ಚಾನಲ್ಲಿನ ಆಚೆ ದಂಡೆಯಲ್ಲಿ ಬಿತ್ತು. ಸದ್ದು ಕೂಡ ಬೇರೆಯಾಗಿತ್ತು, ಮಾಗಿದ ಗೊನೆ ಮೆತ್ತನೆಯ ಮಣ್ಣಿಗೆ ಬಿದ್ದ ಹಾಗೆ. ಕೈಗೆ ಏನೂ ಗೊತ್ತಾಗಲಿಲ್ಲ. ಮಾವ ಐರನ್ನಿನ ಮುಖ ತೋರಿಸಿದರು. ಗುರುತು ನಟ್ಟನಡುವೆ ಇತ್ತು.

ಅವತ್ತು ನಾನು ಯಾರಿಗೂ ಹೇಳಲಿಲ್ಲ. ಇಲ್ಲದ್ದನ್ನೆಲ್ಲ ಊರಿಗೆ ಸಾರುವ ನಾನು, ಇದ್ದದ್ದನ್ನು ಬಾಯಿಗೆ ತರಲಿಲ್ಲ. ಹೋಗಬೇಕು ಅಂತ ನಿಜವಾಗಿ ಅನಿಸಿದ್ದು ಆಗಲೇ. ಮಷಿನ್ ತಪ್ಪಿಸಿಕೊಳ್ಳಲು ಅಲ್ಲ, ಆ ಸದ್ದನ್ನು ಇನ್ನೊಂದು ಸಲ ಕೇಳಲು. ಆಮೇಲೆ ಮೂರಕ್ಕೆ ಒಂದು ದಾಟತೊಡಗಿತು. ನನಗೆ ಬೇಕಿದ್ದದ್ದೂ ಮೂರಕ್ಕೆ ಒಂದೇ.

"ಇನ್ನು ಮುಟ್ಟಬ್ಯಾಡ," ಅಂದರು ಮಾವ, ಹಬ್ಬಕ್ಕೆ ಮೂರು ದಿನ ಇದೆ ಅನ್ನುವಾಗ. "ಕೈ ಒಣಗಲಿ." ಬ್ಯಾಗನ್ನು ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿ ಬಂದೆ. ಎರಡು ತಿಂಗಳ ಸುಸ್ತು, ಎಲ್ಲಿ ನಿಲ್ಲಿಸುತ್ತಿದ್ದೇನೆಂದು ನೋಡಲಿಲ್ಲ. ನಮ್ಮ ಮನೆಯಲ್ಲಿ ಆ ಮೂಲೆಗೆ ಒಂದು ಪದ್ಧತಿ ಇದೆ. ಹಬ್ಬಕ್ಕೆ ಮುಂಚೆ ಅಲ್ಲಿರುವ ಕಬ್ಬಿಣವೆಲ್ಲ, ಕುಡುಗೋಲು, ಕತ್ತಿ, ಗುದ್ದಲಿ, ಕೊಡಲಿ, ಹೊನ್ನಾಳಿಯ ಕುಲುಮೆಗೆ ಹೋಗುತ್ತದೆ. ಅಲ್ಲಿ ಮುರಿದದ್ದು ಕೂಡಿ, ಮೊಂಡಾದದ್ದು ಚೂಪಾಗಿ, ಪೂಜೆಯ ದಿನ ಬೆಳಿಗ್ಗೆ ವಾಪಸ್ ಬರುತ್ತದೆ. ಮೊಂಡು ಕಬ್ಬಿಣವನ್ನು ಪೂಜೆಗೆ ಇಡುವುದು ನಮ್ಮಲ್ಲಿ ಇಲ್ಲ. ಇದು ನನಗೆ ಹಾಲು ಕುಡಿಯುವಾಗಿನಿಂದ ಗೊತ್ತು.

ಪೂಜೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಕಣಕ್ಕೆ ಬಂದೆ. ಜನ ಸೇರಿದ್ದರು. ನಾನು ನೂರು ಅಂದರೆ ನೀವು ಒಂಬತ್ತು ಅಂತ ತಿಳಿಯಿರಿ. ಅದರಲ್ಲಿ ಎರಡು ಎಮ್ಮೆ. ಅಜ್ಜಿ ಬೇಲಿಯ ಆಚೆ ಸಗಣಿ ಬುಟ್ಟಿ ಸಿದ್ಧ ಇಟ್ಟುಕೊಂಡೇ ನಿಂತಿದ್ದರು. ಮಾವ ಹೊಸ ಪಂಚೆ ಉಟ್ಟಿದ್ದರು, ಕೈಯಲ್ಲಿ ಮೂರು ಚೆಂಡು, ತೊಳೆದು ಒರೆಸಿದ್ದು.

"ಬ್ಯಾಗು ತಾ ಅಳಿಯ."

"ನಿಮ್ಮತ್ರ ಇಲ್ವಾ ಮಾವ? ಒರೆಸಾಕೆ ತಗಂಡೋಗೀರಿ ಅಂತ ಮಾಡಿದ್ದೆ."

"ನಾನು ಯಾಕೆ ತಗಂಡೋಗ್ಲಿ?"

ಇಬ್ಬರೂ ಶೆಡ್ಡಿನ ಕಡೆ ನೋಡಿದೆವು. ಮೂಲೆ ಖಾಲಿ ಇತ್ತು. ಬ್ಯಾಗು ಮಾತ್ರ ಚಪ್ಪಟೆಯಾಗಿ ಗೋಡೆಗೆ ಒರಗಿತ್ತು, ಒಳಗೆ ಏನೂ ಇಲ್ಲ. ಗುದ್ದಲಿ ಇಲ್ಲ, ಕುಡುಗೋಲು ಇಲ್ಲ. ಮಾವ ನನ್ನ ಮುಖ ನೋಡಿದರು, ನಾನು ಅವರ ಚೆಂಡು ನೋಡಿದೆ. ಅಷ್ಟರಲ್ಲಿ ಅಪ್ಪಾಜಿಯ ಬೈಕು ಗೇಟಿನೊಳಗೆ ಬಂತು, ಹಿಂದೆ ಗೋಣಿಚೀಲ ಕಟ್ಟಿತ್ತು.

ಅಪ್ಪಾಜಿ ಇಳಿದು, ಚೀಲ ಬಿಚ್ಚಿ, ಕುಡುಗೋಲುಗಳನ್ನು ಒಂದು ಕಡೆಗೆ ಸರಿಸಿದರು. ಅಡಿಯಿಂದ ಐರನ್ನುಗಳನ್ನು ಒಂದೊಂದಾಗಿ ಎಳೆದು ನನ್ನ ಕೈಗೆ ಕೊಟ್ಟರು. ಆರೂ ಹೊಸ ಬೆಳ್ಳಿ ಬಣ್ಣ ಬಳಿದುಕೊಂಡು ಹೊಳೆಯುತ್ತಿದ್ದವು.

"ಆರಕ್ಕೂ ಹಿಂದೆ ಗುಂಡಿ ಬಿದ್ದಿದ್ವು," ಅಂದರು. "ಆ ಸಾಹೇಬ್ರು ಸವೆದು ಹೋದವನ್ನ ಕೊಟ್ಟಾರೆ. ಕಬ್ಬಿಣ ನೋಡಿ ತಗಳಾಕೆ ನಿಮಗಿಬ್ಬರಿಗೂ ಬರಲ್ಲ. ಕುಲುಮೆಯವ್ರ ಕೈಲಿ ವೆಲ್ಡಿಂಗ್ ಮಾಡ್ಸಿ ಪೂರ್ತಿ ತುಂಬಿಸೀನಿ. ಅಡಿ ಮೊಂಡಾಗಿತ್ತು, ಚೂಪು ಮಾಡ್ಸೀನಿ. ಮುಖದಾಗೆ ಗೀರು ಗೀರು ಇದ್ವು, ಅವನ್ನೂ ತಿಕ್ಕಿ ನುಣ್ಣಗೆ ಮಾಡ್ಯಾರೆ."

ಏಳನೇ ನಂಬರಿನ ಅಡಿಯ ಮೇಲೆ ಹೆಬ್ಬೆರಳು ಆಡಿಸಿದೆ. ಅಡಿಕೆ ಸುಲಿಯಬಹುದಿತ್ತು.

"ಭಾವ," ಅಂದರು ಮಾವ ಮೆಲ್ಲಗೆ. "ಆ ಗುಂಡಿ..."

"ಅಲ್ಲಿ ನನಗಿಂತ ಮುಂಚೆ ನಾಲ್ಕು ಜನ ಬಂದು ಕೂತಿದ್ರು," ಅಪ್ಪಾಜಿ ಹೇಳುತ್ತಲೇ ಇದ್ದರು. ಹಾಗೆ ತಡೆಯಿಲ್ಲದೆ ಮಾತಾಡುವುದು ಅವರ ಜಾಯಮಾನವಲ್ಲ. ಅದು ನನ್ನದು. "ನಮ್ಮ ಹುಡುಗ ಗಾಲ್ಫ್ ಆಡ್ತಾನೆ, ಇವತ್ತು ಮರ ದಾಟಿಸ್ತಾನೆ, ನಾನೇ ದಿನಾ ನೋಡೀನಿ ಅಂದೆ. ಎಲ್ಲರ ಕತ್ತಿ ಪಕ್ಕಕ್ಕಿಟ್ಟು ನಿಂದೇ ಮೊದಲು ಮಾಡಿಕೊಟ್ರು."

ನನ್ನ ಇಷ್ಟು ವರ್ಷದ ಬದುಕಿನಲ್ಲಿ ಮೊದಲ ಸಲ ನನ್ನ ಹತ್ತಿರ ಒಂದು ನಿಜವಾದ ನೆಪ ಇತ್ತು. ಆಡಲು ಬರದವನು ಕೋಲಿನ ಮೇಲೆ ತಪ್ಪು ಹಾಕುತ್ತಾನೆ ಅಂತಲೇ ಆ ಏಳು ಜನರೂ ತಿಳಿಯುತ್ತಿದ್ದರು. ಅದೂ ಪರವಾಗಿರಲಿಲ್ಲ. ಅಪ್ಪಾಜಿ ನಂಬಿದ್ದರೆ, ಕೆಡಿಸಿದ್ದು ತಾವೇ ಅಂತ ಅವರಿಗೆ ಗೊತ್ತಾಗುತ್ತಿತ್ತು. ಅವರ ಅಂಗಿಯ ತೋಳಿನ ಮೇಲೆ ಗ್ರೈಂಡರಿನ ಕಿಡಿ ಸುಟ್ಟ ಚಿಕ್ಕ ಚಿಕ್ಕ ತೂತುಗಳಿದ್ದವು. ಹತ್ತಿರವೇ ನಿಂತು ಮಾಡಿಸಿದ್ದರು.

ಮಾವ ಮತ್ತೆ ಬಾಯಿ ತೆರೆದರು. ಅವರ ಪಾದ ತುಳಿದೆ. ಒಳ್ಳೆಯ ಕಾಲಿನದು.

"ಚಲೋ ಆಗೈತೆ ಅಪ್ಪಾಜಿ," ಅಂದೆ.

ಮಾವ ವಿಭೂತಿ ಗಟ್ಟಿ ತೆಗೆದು ಆ ನುಣುಪಾದ ಮುಖಕ್ಕೆ ತಿಕ್ಕಿದರು. ಚೆಂಡನ್ನು ಅಪ್ಪಾಜಿಯೇ ಬಗ್ಗಿ ಇಟ್ಟರು. ಬೀಸಿದೆ. ಐರನ್ನು ಚೆಂಡಿಗೆ ಮುಂಚೆ ನೆಲಕ್ಕೆ ಇಳಿದು ಅಲ್ಲೇ ನಿಂತಿತು, ಚೆಂಡು ಕದಲಲಿಲ್ಲ. ಎರಡನೆಯ ಸಲವೂ ಅದೇ, ಇನ್ನೂ ಆಳಕ್ಕೆ. ಮೂರನೆಯದು ತುದಿಗೆ ಬಡಿದು, ಹಲ್ಲಿನವರೆಗೆ ಜುಮ್ ಅನ್ನಿಸಿ, ಬಲಕ್ಕೆ ತಿರುಗಿ ಅಜ್ಜಿಯ ಅಂಗಳಕ್ಕೆ ಹೋಯಿತು. ಅಜ್ಜಿ ಬುಟ್ಟಿ ಎತ್ತಿಕೊಂಡರು.

ಅಪ್ಪಾಜಿ ಬಂದು ನನ್ನ ಕೈಯಿಂದ ಐರನ್ನು ತೆಗೆದುಕೊಂಡು, ಅಂಟಿದ್ದ ಮಣ್ಣನ್ನು ಹೆಬ್ಬೆರಳಿನಿಂದ ತೆಗೆದು, ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಕಬ್ಬಿಣ ಮಾತ್ರ ಗಟ್ಟಿ ಐತೆ," ಅಂದರು. "ತೊಳ್ದು ಕುಡುಗೋಲಿನ ಪಕ್ಕ ಇಡು, ಪೂಜೆ ಹೊತ್ತಾತು. ನಾಳಿದ್ದು ಬೆಳಿಗ್ಗೆ ಮಷಿನ್ ಹತ್ರ ಬಾ."